ಶುಶ್ರೂಷಾ ವಿದ್ಯೆ: ಹೆಣ್ಣುಮಕ್ಕಳ ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾಗುತ್ತಲೇ ನಮ್ಮ ಮಲಪನಗುಡಿಯಂಥ ಊರುಗಳ ಅನೇಕ ಮನೆಗಳಲ್ಲಿ ಪ್ರತಿವರ್ಷವೂ ಒಂದೇ ಬಗೆಯ ಚಿಂತೆಯು ತಲೆದೋರುವುದು. ಮಗಳು ತೇರ್ಗಡೆಯಾಗಿದ್ದಾಳೆ; ಮುಂದೇನು? ವೈದ್ಯವಿದ್ಯೆಗೆ ಸಾಕಾಗುವಷ್ಟು ಅಂಕಗಳಿಲ್ಲ. ಉಪಾಧ್ಯಾಯ ವೃತ್ತಿಗಾಗಿ ಕಾದಿರುವವರ ಸಾಲು ದೊಡ್ಡದು. ಹೊಸಪೇಟೆಯಿಂದ ಹಂಪಿಗೆ ಹೋಗುವ ಮಾರ್ಗದ ಇಕ್ಕೆಲದ ಕಬ್ಬು ಬಾಳೆಗಳನ್ನೇ ನಂಬಿದ ಸಂಸಾರಕ್ಕೆ ದೂರದ ಪಟ್ಟಣದ ದುಬಾರಿ ವಿದ್ಯೆಯು ಎಟುಕದು. ಆಗ ಬಂಧುಗಳಲ್ಲಿ ಯಾರಾದರೊಬ್ಬರು “ನರ್ಸಿಂಗ್ ಓದಿಸಿರಿ” ಎಂದು ಸೂಚಿಸುತ್ತಾರೆ. ಕೂಡಲೇ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. “ಬೇಗನೆ ಸಂಬಳ ಬರುವುದು, ಹೊರದೇಶಕ್ಕೂ ಹೋಗಬಹುದು” ಎಂಬುದು ಒಂದು ಪಕ್ಷ. “ಕಂಡವರ ಮಲಮೂತ್ರ ಬಾಚುವ ಕೆಲಸಕ್ಕೆ ನಮ್ಮ ಮಗಳನ್ನು ಕಳುಹಿಸುವುದೇ?” ಎಂಬುದು ಇನ್ನೊಂದು ಪಕ್ಷ.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನಮ್ಮಲ್ಲಿಗೆ ಈ ವ್ಯಾಜ್ಯವು ಅನೇಕ ಸಲ ತೀರ್ಮಾನಕ್ಕಾಗಿ ಬಂದಿರುವುದುಂಟು. ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ನಿವೇದಿಸುತ್ತೇವೆ. ಮೇಲೆ ಹೇಳಿದ ಎರಡು ಪಕ್ಷಗಳೂ ವಿಷಯವನ್ನು ಅರೆಯಾಗಿಯೇ ಗ್ರಹಿಸಿವೆ. ಶುಶ್ರೂಷೆಯು ಹೀನವಾದ ಊಳಿಗವಲ್ಲ. ಕೇವಲ ಸಂಬಳ ತರುವ ಯಂತ್ರವೂ ಅಲ್ಲ. ಅದು ಒಂದು ವಿದ್ಯೆ. ವಿದ್ಯೆಯೆಂದಮೇಲೆ ಅದಕ್ಕೆ ಗುರುವು ಬೇಕು, ಅಭ್ಯಾಸವು ಬೇಕು, ಪರೀಕ್ಷೆಯು ಬೇಕು; ಕಲಿತವಳೆಂಬುದಕ್ಕೆ ಸರ್ಕಾರದ ಪಟ್ಟಿಯಲ್ಲಿ ಹೆಸರೂ ಬೇಕು. ಇವುಗಳನ್ನು ವಿಚಾರಿಸದೆ ಮಗಳನ್ನು ಕಳುಹಿಸುವುದು ಹೇಗೆ ತಪ್ಪೋ, ವಿಚಾರಿಸದೆ ತಡೆಯುವುದೂ ಹಾಗೆಯೇ ತಪ್ಪು.

ಶಬ್ದದ ಅರ್ಥ

‘ಶುಶ್ರೂಷೆ’ ಎಂಬ ಮಾತಿನ ಹುಟ್ಟನ್ನು ಕೊಂಚ ನೋಡೋಣ. ಸಂಸ್ಕೃತದಲ್ಲಿ ‘ಶ್ರು’ ಎಂಬ ಧಾತುವಿಗೆ ಕೇಳು ಎಂದರ್ಥ. ಕುಡಿಯಬೇಕೆಂಬ ಇಚ್ಛೆಯು ‘ಪಿಪಾಸೆ’ಯಾದಂತೆ, ತಿಳಿಯಬೇಕೆಂಬ ಇಚ್ಛೆಯು ‘ಜಿಜ್ಞಾಸೆ’ಯಾದಂತೆ, ಕೇಳಬೇಕೆಂಬ ಇಚ್ಛೆಯೇ ‘ಶುಶ್ರೂಷೆ’. ಗುರುವಿನ ಮಾತನ್ನು ಕೇಳಬಯಸುವ ಶಿಷ್ಯನು ಅವನ ಸೇವೆಯನ್ನೂ ಮಾಡುತ್ತಿದ್ದುದರಿಂದ ಆ ಮಾತಿಗೆ ಸೇವೆಯೆಂಬ ಅರ್ಥವು ಬಂದು, ಕ್ರಮೇಣ ರೋಗಿಯ ಸೇವೆಗೆ ರೂಢಿಯಾಯಿತು. ರೋಗಿಯು ಬಾಯಿಬಿಟ್ಟು ಹೇಳಿದುದನ್ನೂ, ಹೇಳಲಾರದೆ ಉಸಿರಿನಿಂದ, ನಾಡಿಯಿಂದ, ಮುಖದ ಬಣ್ಣದಿಂದ ತಿಳಿಸಿದುದನ್ನೂ ಕೇಳಿಸಿಕೊಳ್ಳುವುದೇ ಈ ವಿದ್ಯೆಯ ಮೊದಲ ಪಾಠವಾಗಿರುವುದರಿಂದ ಈ ಹೆಸರು ಎಷ್ಟು ಯುಕ್ತವಾದುದೆಂದು ವಾಚಕರೇ ಊಹಿಸಬಹುದು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯನು, ಔಷಧವು, ಪರಿಚಾರಕನು ಮತ್ತು ರೋಗಿಯು. ಮಂಚದ ನಾಲ್ಕು ಕಾಲುಗಳಲ್ಲಿ ಒಂದು ಮುರಿದರೂ ಮಲಗಿದವನು ಬೀಳುವಂತೆ ಇವುಗಳಲ್ಲಿ ಒಂದು ಕೆಟ್ಟರೂ ಚಿಕಿತ್ಸೆಯು ಕೆಡುವುದು. ಪರಿಚಾರಕನಲ್ಲಿ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ಕೈಚಳಕ, ಅನುರಾಗ ಮತ್ತು ಶುಚಿತ್ವ. ನಮ್ಮ ಮನೆಗಳಲ್ಲಿ ಅನುರಾಗಕ್ಕೆ ಎಂದೂ ಕೊರತೆಯಿಲ್ಲ. ಉಳಿದ ಮೂರಿಲ್ಲದೆ ಅನುರಾಗವೊಂದೇ ಏನು ಮಾಡಬಲ್ಲುದು ಎಂಬುದಕ್ಕೆ ನಾವು ಕಂಡ ಒಂದು ದೃಷ್ಟಾಂತವನ್ನು ಕೊಡುತ್ತೇವೆ.

ನಮ್ಮ ಪರಿಚಯದ ಒಕ್ಕಲು ಮನೆಯೊಂದರಲ್ಲಿ ವೃದ್ಧೆಯೊಬ್ಬರು ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಮಗನೂ ಸೊಸೆಯೂ ಸರದಿಯ ಮೇಲೆ ಎಚ್ಚರವಿದ್ದು ಗಂಜಿಯುಣಿಸಿ, ದೇವರಂತೆ ನೋಡಿಕೊಂಡರು. ಆದರೂ ತಿಂಗಳೊಪ್ಪತ್ತಿನೊಳಗೆ ಬೆನ್ನಿನ ಕೆಳಭಾಗದಲ್ಲಿ ದೊಡ್ಡ ಹುಣ್ಣಾಯಿತು. ಅರಿಶಿನ ಮೆತ್ತಿದರು, ಹರಕೆ ಹೊತ್ತರು. ಹುಣ್ಣು ಆಳವಾಗುತ್ತಲೇ ಹೋಯಿತು. ಆ ಮನೆಯ ಮಗಳು ತಂದೆಯ ಮನಸ್ಸಿಗೆ ವಿರುದ್ಧವಾಗಿ, ತಾಯಿಯ ಹಟದಿಂದ, ಶುಶ್ರೂಷಾ ಶಾಲೆಗೆ ಸೇರಿ ಎರಡನೆಯ ವರ್ಷದಲ್ಲಿದ್ದಳು. ರಜೆಗೆ ಬಂದವಳು ಅಜ್ಜಿಯ ಬೆನ್ನನ್ನು ನೋಡಿ ತಾಯಿಯನ್ನು ಕೇಳಿದಳು: “ಅವ್ವಾ, ಅಜ್ಜೀನ ಎರಡು ತಾಸಿಗೊಮ್ಮೆ ಮಗ್ಗುಲು ಹೊರಳಿಸ್ತಿದ್ರೇನು?” ತಾಯಿ ಹೇಳಿದಳು: “ಅಲುಗಿಸಿದ್ರೆ ನೋವಾಗ್ತದಂತ ಮುಟ್ಟಿಲ್ಲವ್ವಾ.”

ನೋವಾಗದಿರಲೆಂಬ ಅನುರಾಗವೇ ಹುಣ್ಣಿಗೆ ಕಾರಣವಾಗಿತ್ತು. ಒಂದೇ ಮಗ್ಗುಲಿನಲ್ಲಿ ಮಲಗಿದವರ ಶರೀರದ ಭಾರವು ಎಲುಬು ಮೇಲೆದ್ದಿರುವ ಸ್ಥಳಗಳಲ್ಲಿ ಚರ್ಮವನ್ನು ಒತ್ತುವುದರಿಂದ ಅಲ್ಲಿ ರಕ್ತಸಂಚಾರವು ನಿಂತು ಮಾಂಸವು ಸಾಯುವುದು. ಹುಡುಗಿಯು ಅಜ್ಜಿಯನ್ನು ಹೊಸಪೇಟೆಯ ಆಸ್ಪತ್ರೆಗೆ ಒಯ್ಯಿಸಿ ಹುಣ್ಣನ್ನು ಶುದ್ಧಿಮಾಡಿಸಿದಳು. ಮಗ್ಗುಲು ಬದಲಿಸಬೇಕಾದ ವೇಳೆಗಳನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದಳು. ಹಾಸಿಗೆಯನ್ನು ಒದ್ದೆಯಾಗದಂತೆ, ಸುಕ್ಕಿಲ್ಲದಂತೆ ಇಡುವುದನ್ನು ತೋರಿಸಿಕೊಟ್ಟಳು. ವೃದ್ಧೆಯು ಮುಂದೆ ಎರಡು ವರ್ಷ ಬದುಕಿದ್ದರು. “ಮಲಮೂತ್ರ ಬಾಚುವ ಕೆಲಸ” ಎಂದು ಮೊದಲು ಹಳಿದಿದ್ದ ತಂದೆಯು ಆ ಮಾತನ್ನು ಮತ್ತೆ ಆಡಿದುದನ್ನು ನಾವು ಕೇಳಲಿಲ್ಲ.

ನಡೆದುಬಂದ ದಾರಿ

ಶುಶ್ರೂಷೆಯನ್ನು ಕ್ರಮವಾಗಿ ಕಲಿಸಬೇಕೆಂಬ ಆಧುನಿಕ ಪದ್ಧತಿಯು ಬಲವಾಗಿ ಬೇರೂರಿದುದು ಫ್ಲಾರೆನ್ಸ್ ನೈಟಿಂಗೇಲ್ ಎಂಬ ಆಂಗ್ಲ ಮಹಿಳೆಯಿಂದ. ೧೮೫೪ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದ ಈಕೆಯು, ಸೈನಿಕರು ಗಾಯಗಳಿಂದ ಸಾಯುವುದಕ್ಕಿಂತ ಹೆಚ್ಚಾಗಿ ಕೊಳೆಯಿಂದ ಹುಟ್ಟುವ ರೋಗಗಳಿಂದ ಸಾಯುತ್ತಿರುವುದನ್ನು ಕಂಡು, ಅದನ್ನು ಅಂಕಿಅಂಶಗಳ ಮೂಲಕ ಸರ್ಕಾರಕ್ಕೆ ಮನಗಾಣಿಸಿದಳು. ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಿಕ್ಷಣಶಾಲೆಯು ಆರಂಭವಾಯಿತು. ಆಕೆಯು ಹುಟ್ಟಿದ ಮೇ ೧೨ನೆಯ ದಿನವನ್ನೇ ಇಂದು ಲೋಕವು ಶುಶ್ರೂಷಕರ ದಿನವೆಂದು ಆಚರಿಸುತ್ತದೆ.

ಭಾರತದಲ್ಲಿ ೧೮೭೧ರಲ್ಲಿ ಮದರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣವು ಮೊದಲಾಯಿತು. ನಮ್ಮ ಹೊಸಪೇಟೆಯ ಸೀಮೆಯು ೧೯೫೩ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಬಳ್ಳಾರಿ ಜಿಲ್ಲೆಯೊಡನೆ ಮದರಾಸು ಆಧಿಪತ್ಯದಲ್ಲಿಯೇ ಇದ್ದುದರಿಂದ, ೧೯೨೬ರ ಮದರಾಸು ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆಯು ನಮ್ಮ ಈ ಭಾಗಕ್ಕೂ ಸಂಬಂಧಿಸಿತ್ತು. ಕಲಿತ ದಾದಿಯ ಹೆಸರನ್ನು ಪಟ್ಟಿಯಲ್ಲಿ ಬರೆಯುವ ಪದ್ಧತಿಯು ಹೀಗೆ ನಮ್ಮ ಅಜ್ಜಂದಿರ ಕಾಲದಲ್ಲಿಯೇ ಇಲ್ಲಿಗೆ ಬಂದಿದ್ದಿತು.

ಆದರೂ ಕಲಿತವರು ಎಷ್ಟು ಮಂದಿ? ೧೯೪೬ರಲ್ಲಿ ಭೋರ್ ಸಮಿತಿಯು ಸಲ್ಲಿಸಿದ ವರದಿಯಂತೆ ಬ್ರಿಟಿಷ್ ಭಾರತದಲ್ಲಿ ೪೩,೦೦೦ ಜನರಿಗೆ ಒಬ್ಬ ದಾದಿಯಿದ್ದಳು. ಮರುವರ್ಷವೇ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯು ಜಾರಿಗೆ ಬಂದು, ದೇಶದಲ್ಲೆಲ್ಲ ಶಿಕ್ಷಣಕ್ಕೆ ಏಕರೀತಿಯ ಕಟ್ಟಳೆಯನ್ನು ವಿಧಿಸುವ ಪರಿಷತ್ತು ಹುಟ್ಟಿತು. ಕರ್ನಾಟಕದ ದಾದಿಯರ, ಸೂಲಗಿತ್ತಿಯರ ಮತ್ತು ಆರೋಗ್ಯ ಸಂದರ್ಶಕರ ಕಾಯಿದೆಯು ೧೯೬೧ರದು. ಹಳೆಯ ಪರಿಷತ್ತಿನ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವೊಂದನ್ನು ನಿಲ್ಲಿಸುವುದಕ್ಕಾಗಿ ೨೦೨೩ರಲ್ಲಿ ಸಂಸತ್ತು ಹೊಸ ಕಾಯಿದೆಯನ್ನು ಮಾಡಿದೆ. ಒಂದು ಊಳಿಗಕ್ಕಾಗಿ ಇಷ್ಟು ಶಾಸನಗಳು ಬೇಕಾಗಿರಲಿಲ್ಲ. ಜನರ ಪ್ರಾಣವು ಕೈಯಲ್ಲಿರುವ ವಿದ್ಯೆಯಾದುದರಿಂದಲೇ ಇಷ್ಟು ಕಟ್ಟುಪಾಡು.

ಇಂದಿನ ಮೂರು ಮಾರ್ಗಗಳು

ನಮ್ಮ ಹಳ್ಳಿಗಳಲ್ಲಿ ‘ನರ್ಸಿಂಗ್’ ಎಂಬ ಒಂದೇ ಹೆಸರಿನಿಂದ ಕರೆಯುವ ಶಿಕ್ಷಣದಲ್ಲಿ ಮೂರು ಮಾರ್ಗಗಳಿವೆ. ಇವುಗಳ ಭೇದವನ್ನು ತಿಳಿಯದೆ ಹಣ ಕಟ್ಟಿ ಆಮೇಲೆ ಮರುಗಿದವರುಂಟು.

ಮೊದಲನೆಯದು ಎ.ಎನ್.ಎಂ.; ಎರಡು ವರ್ಷದ ಶಿಕ್ಷಣ. ಪಿ.ಯು.ಸಿ.ಯಲ್ಲಿ ಯಾವ ವಿಷಯಗಳನ್ನು ಓದಿದವರೂ ಸೇರಬಹುದು. ಹಳ್ಳಿಯ ಉಪಕೇಂದ್ರಗಳಲ್ಲಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವುದು, ಮಕ್ಕಳಿಗೆ ಲಸಿಕೆ ಹಾಕುವುದು ಮೊದಲಾದ ಕಾರ್ಯಗಳಿಗೆ ಇದು ಸಿದ್ಧಗೊಳಿಸುತ್ತದೆ. ಘನವಾದ ಕೆಲಸವೇ ಸರಿ; ಆದರೆ ಇದನ್ನು ಮುಗಿಸಿದವರು ಸಹಾಯಕ ದಾದಿಯರೆಂದು ಮಾತ್ರ ನೋಂದಣಿಯಾಗುವರು.

ಎರಡನೆಯದು ಜಿ.ಎನ್.ಎಂ.; ಆರು ತಿಂಗಳ ಇಂಟರ್ನ್‌ಶಿಪ್ ಸೇರಿ ಮೂರು ವರ್ಷದ ಡಿಪ್ಲೊಮಾ. ವಿಜ್ಞಾನ ಓದಿದವರಿಗೆ ಅನುಕೂಲವಾದರೂ ಕಲಾ ವಾಣಿಜ್ಯ ವಿಭಾಗಗಳವರಿಗೂ ಬಾಗಿಲು ಮುಚ್ಚಿಲ್ಲ. ಪಿ.ಯು.ಸಿ.ಯಲ್ಲಿ ಶೇಕಡಾ ೪೦ ಅಂಕಗಳೂ ಇಂಗ್ಲಿಷಿನಲ್ಲಿ ತೇರ್ಗಡೆಯೂ ಅವಶ್ಯ. ವಯಸ್ಸು ೧೭ ತುಂಬಿರಬೇಕು, ೩೫ ಮೀರಿರಬಾರದು. ಮದುವೆಯಾಗಿ ಓದು ನಿಂತುಹೋದ ಸೊಸೆಯರೂ ಈ ಮಿತಿಯನ್ನು ಗಮನಿಸಬೇಕು.

ಮೂರನೆಯದು ಬಿ.ಎಸ್ಸಿ. ನರ್ಸಿಂಗ್, ನಾಲ್ಕು ವರ್ಷದ, ಎಂಟು ಸೆಮಿಸ್ಟರುಗಳ ಪದವಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇವುಗಳನ್ನು ಓದಿ ಶೇಕಡಾ ೪೫ ಅಂಕಗಳನ್ನು ಪಡೆದಿರಬೇಕು. ಪರಿಶಿಷ್ಟ ಜಾತಿ ಪಂಗಡಗಳವರಿಗೆ ೪೦ ಸಾಕು. ಪದವಿಯನ್ನು ಕೊಡುವುದು ೧೯೯೬ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಸರ್ಕಾರದ ಪಾಲಿನ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರವೇಶ ಪರೀಕ್ಷೆಯ ಮೇಲೆ ಹಂಚುವುದರಿಂದ, ಅರ್ಜಿಯ ಕಾಲವನ್ನು ತಪ್ಪಿಸಿಕೊಂಡರೆ ಕಡಮೆ ವೆಚ್ಚದ ಸೀಟು ತಪ್ಪಿದಂತೆಯೇ. ೧೯೬೧ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾದಂದಿನಿಂದ ನಮ್ಮ ಸೀಮೆಗೆ ದೊಡ್ಡ ಆಸ್ಪತ್ರೆಯ ಅನುಕೂಲವುಂಟಾಗಿದೆ. ಅಲ್ಲಿ ಶುಶ್ರೂಷಾ ಶಿಕ್ಷಣವೂ ನಡೆಯುತ್ತದೆ.

ಜಿ.ಎನ್.ಎಂ. ಆಗಲಿ ಬಿ.ಎಸ್ಸಿ. ಆಗಲಿ ಮುಗಿಸಿದವರು ನೋಂದಾಯಿತ ದಾದಿ ಮತ್ತು ನೋಂದಾಯಿತ ಸೂಲಗಿತ್ತಿ ಎನಿಸಿಕೊಳ್ಳುತ್ತಾರೆ. ಹಣದ ಅಡಚಣೆಯಿಂದ ಡಿಪ್ಲೊಮಾ ಮಾಡಿದವಳು ಮುಂದೆ ದುಡಿಯುತ್ತ ಹಣ ಕೂಡಿಸಿ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವೀಧರೆಯಾಗಬಹುದು. ಆದುದರಿಂದ ಬಡವರು ಮೊದಲ ಮೆಟ್ಟಿಲನ್ನು ಕಂಡು ಎದೆಗುಂದಬೇಕಾದುದಿಲ್ಲ. ೨೦೧೮ರಿಂದೀಚೆಗೆ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ನಿಯಮಿಸುತ್ತಿರುವ ‘ಸಮುದಾಯ ಆರೋಗ್ಯ ಅಧಿಕಾರಿ’ಯ ಹುದ್ದೆಗೂ ಬಿ.ಎಸ್ಸಿ. ನರ್ಸಿಂಗ್ ಓದಿದವರೇ ಬಹುಮಟ್ಟಿಗೆ ಬರುತ್ತಿದ್ದಾರೆ. ಊರ ಮಗಳು ಊರ ಸಮೀಪದಲ್ಲಿಯೇ ಕೆಲಸ ಮಾಡುವ ಅವಕಾಶವು ಇದರಿಂದ ದೊರೆತಿದೆ.

ಕಲಿಯುವುದೇನು?

“ಸೂಜಿ ಚುಚ್ಚುವುದಕ್ಕೆ ನಾಲ್ಕು ವರ್ಷವೇ?” ಎಂದು ನಗುವವರನ್ನು ನಾವು ಕಂಡಿದ್ದೇವೆ. ಮೊದಲನೆಯ ವರ್ಷದಲ್ಲಿಯೇ ಶರೀರರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನ, ಆಹಾರತತ್ತ್ವ, ಮನಶ್ಶಾಸ್ತ್ರ, ಸಮಾಜಶಾಸ್ತ್ರ. ಮುಂದೆ ಸೂಕ್ಷ್ಮಜೀವಿಗಳ ವಿಷಯ, ಔಷಧಗಳ ಗುಣದೋಷ, ಮಕ್ಕಳ ಆರೈಕೆ, ಪ್ರಸೂತಿ, ಮಾನಸಿಕ ರೋಗಿಗಳ ಶುಶ್ರೂಷೆ, ಗ್ರಾಮಾರೋಗ್ಯ. ಇವೆಲ್ಲವೂ ಪುಸ್ತಕದ ಪಾಠ. ಇದರ ಜೊತೆಗೆ ವಾರ್ಡುಗಳಲ್ಲಿ ನಿಂತು ಮಾಡುವ ಅಭ್ಯಾಸವುಂಟು. ತರಗತಿಯಲ್ಲಿ ಹಾಜರಾತಿಗೆ ಕೊಂಚ ರಿಯಾಯಿತಿಯಿದ್ದರೂ ವಾರ್ಡಿನ ಅಭ್ಯಾಸಕ್ಕೆ ರಿಯಾಯಿತಿಯಿಲ್ಲ; ಪದವಿ ದೊರೆಯುವುದಕ್ಕೆ ಮೊದಲು ಅದನ್ನು ನೂರಕ್ಕೆ ನೂರರಷ್ಟು ಪೂರೈಸಲೇಬೇಕು.

ಒಂದು ಚಿಕ್ಕ ಉದಾಹರಣೆಯನ್ನು ನೋಡಿರಿ. ವೈದ್ಯರು ೫೦೦ ಮಿಲಿಲೀಟರು ಗ್ಲೂಕೋಸು ದ್ರವವನ್ನು ೫ ತಾಸುಗಳಲ್ಲಿ ಕೊಡಲು ಬರೆಯುತ್ತಾರೆ. ನಳಿಗೆಯು ಒಂದು ಮಿಲಿಲೀಟರಿಗೆ ೨೦ ಹನಿ ಬಿಡುವಂಥದು. ನಿಮಿಷಕ್ಕೆ ಎಷ್ಟು ಹನಿ? ಒಟ್ಟು ೧೦,೦೦೦ ಹನಿಗಳನ್ನು ೩೦೦ ನಿಮಿಷಗಳಿಗೆ ಹಂಚಿದರೆ ಸುಮಾರು ೩೩. ಹೃದಯವು ದುರ್ಬಲವಾದ ವೃದ್ಧನಿಗೆ ಅದೇ ದ್ರವವು ಒಂದು ತಾಸಿನಲ್ಲಿ ಇಳಿದುಹೋದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಿಗೆ ಸಂಚಕಾರ ಬಂದೀತು. ಗಣಿತವು ನಮಗೇಕೆ ಎಂದು ಕೇಳುತ್ತಿದ್ದ ಹುಡುಗಿಯರಿಗೆ ಈ ಲೆಕ್ಕವನ್ನು ನಾವು ಹೇಳುತ್ತಿದ್ದೆವು. ಇದೇ ರೀತಿ ಔಷಧ ಕೊಡುವ ಮೊದಲು ರೋಗಿ ಯಾರು, ಔಷಧ ಯಾವುದು, ಪ್ರಮಾಣವೆಷ್ಟು, ಯಾವ ಮಾರ್ಗದಿಂದ, ಯಾವ ವೇಳೆಯಲ್ಲಿ ಎಂಬ ಐದನ್ನೂ ಸರಿನೋಡುವುದು ಅವರ ನಿತ್ಯವಿಧಿ. ಕೈ ತೊಳೆಯುವುದಕ್ಕೂ ಕ್ರಮವುಂಟು: ಸಾಬೂನು ನೀರಿನಿಂದ ೪೦ ರಿಂದ ೬೦ ಸೆಕೆಂಡು, ಬೆರಳಸಂದುಗಳನ್ನೂ ಉಗುರುಗಳನ್ನೂ ಬಿಡದೆ. ೧೮೪೭ರಲ್ಲಿ ವಿಯೆನ್ನಾ ನಗರದ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಪ್ರಸೂತಿಗೃಹದಲ್ಲಿ ವೈದ್ಯರಿಂದ ಕೈ ತೊಳೆಯಿಸಿಯೇ ಬಾಣಂತಿಯರ ಸಾವನ್ನು ಬಹಳ ಮಟ್ಟಿಗೆ ಇಳಿಸಿದನಷ್ಟೆ. ಶೌಚವೆಂದು ನಮ್ಮ ಹಿರಿಯರು ಹೇಳಿದ ಗುಣಕ್ಕೆ ಇದು ಶಾಸ್ತ್ರದ ಸಾಕ್ಷಿ.

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗಿಯರಿಗೆ ಒಂದು ತೊಡಕುಂಟು. ಪಾಠವೆಲ್ಲವೂ ಇಂಗ್ಲಿಷಿನಲ್ಲಿ. ಮೊದಲ ಆರು ತಿಂಗಳಲ್ಲಿ ೨೦೬ ಎಲುಬುಗಳ ಹೆಸರುಗಳ ಎದುರಿನಲ್ಲಿಯೇ ಅನೇಕರು ಕಣ್ಣೀರಿಡುತ್ತಾರೆ. ಇದಕ್ಕೆ ಹೆದರಿ ಹಿಂದಿರುಗಬಾರದು. ಧಮನಿ, ಸಿರೆ, ಯಕೃತ್ತು, ಮೂತ್ರಪಿಂಡ ಎಂದು ಕನ್ನಡದಲ್ಲಿ ತಿಳಿದುದನ್ನು ಎದುರು ಬದುರಾಗಿ ಬರೆದುಕೊಂಡು, ದಿನಕ್ಕೆ ಹತ್ತು ಮಾತಿನಂತೆ ಅಭ್ಯಾಸ ಮಾಡಿದವಳು ವರ್ಷ ತುಂಬುವುದರೊಳಗೆ ದಡ ಸೇರುವಳು. ಪಿ.ಯು.ಸಿ. ಮುಗಿದ ಬೇಸಗೆಯಲ್ಲಿಯೇ ಈ ಅಭ್ಯಾಸವನ್ನು ಮೊದಲುಮಾಡಿದರೆ ಇನ್ನೂ ಉತ್ತಮ.

ಪಟ್ಟಿಯಲ್ಲಿ ಹೆಸರು

ಇಷ್ಟೆಲ್ಲ ಕಲಿತರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಪರೀಕ್ಷೆ ಮುಗಿಸಿದವಳು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ತನ್ನ ಹೆಸರನ್ನು ನೋಂದಾಯಿಸಿ ಸಂಖ್ಯೆಯನ್ನು ಪಡೆಯಬೇಕು. ಆ ಸಂಖ್ಯೆಯಿಲ್ಲದೆ ಸರ್ಕಾರಿ ಹುದ್ದೆಯಿಲ್ಲ, ಮೇಲಿನ ಓದಿಲ್ಲ, ಹೊರದೇಶದ ಹಾದಿಯೂ ಇಲ್ಲ. ರೋಗಿಯ ಕಡೆಯಿಂದ ನೋಡಿದರೆ, ತನ್ನ ತೋಳಿಗೆ ಸೂಜಿ ಹಿಡಿದವರು ಕಲಿತವರೆಂಬುದಕ್ಕೆ ಅದೊಂದೇ ಪ್ರಮಾಣ.

ನಮಗೆ ತಿಳಿದ ಸಂಸಾರವೊಂದು ಎರಡೆಕರೆ ಹೊಲವನ್ನು ಅಡವಿಟ್ಟು ಮಗಳನ್ನು ದೂರದ ಊರಿನ ಸಂಸ್ಥೆಯೊಂದಕ್ಕೆ ಸೇರಿಸಿತು. ದಲ್ಲಾಳಿಯೊಬ್ಬನು ಬಣ್ಣದ ಕಾಗದ ತೋರಿಸಿ “ಎಲ್ಲಾ ಗೌರ್ಮೆಂಟಿಂದೇ” ಎಂದಿದ್ದನು. ಮೂರು ವರ್ಷ ಕಳೆದಮೇಲೆ ಅವಳಿಗೆ ದೊರೆತ ಪ್ರಮಾಣಪತ್ರವನ್ನು ಪರಿಷತ್ತು ಒಪ್ಪುವಂತಿರಲಿಲ್ಲ. ಹುಡುಗಿಯು ಈಗ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಳೆ. ತಂದೆಯು ಅಡವಿಟ್ಟ ಹೊಲದಲ್ಲಿಯೇ ಪಾಲಿಗೆ ದುಡಿಯುತ್ತಿದ್ದಾನೆ. ಆದುದರಿಂದ ಹಣ ಕಟ್ಟುವ ಮೊದಲು ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕೆಂದು ಗೃಹಸ್ಥರಲ್ಲಿ ನಮ್ಮ ಬಿನ್ನಹ:

೧. ಸಂಸ್ಥೆಗೆ ರಾಜ್ಯ ಸರ್ಕಾರದ ಅನುಮತಿಯೂ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆಯೂ ಈ ವರ್ಷಕ್ಕೆ ಉಂಟೇ? ಹಿಂದೊಮ್ಮೆ ಇದ್ದಿತೆಂಬುದು ಸಾಲದು.

೨. ಪದವಿಯಾದರೆ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದುದೇ? ಡಿಪ್ಲೊಮಾ ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪರೀಕ್ಷೆಗೆ ಕೂರಿಸುವರೇ?

೩. ಭಾರತೀಯ ಶುಶ್ರೂಷಾ ಪರಿಷತ್ತಿನ ಪಟ್ಟಿಯಲ್ಲಿ ಹೆಸರುಂಟೇ? ಬೇರೆ ರಾಜ್ಯಕ್ಕಾಗಲಿ ದೇಶಕ್ಕಾಗಲಿ ಹೋಗುವ ಆಸೆಯಿದ್ದರೆ ಇದು ಮುಖ್ಯ.

೪. ಅಭ್ಯಾಸಕ್ಕೆ ಆಸ್ಪತ್ರೆ ಎಲ್ಲಿ? ಅಲ್ಲಿ ರೋಗಿಗಳು ಎಷ್ಟು ಮಂದಿ? ವಿದ್ಯಾರ್ಥಿಗೆ ಮೂವರು ರೋಗಿಗಳಂತೆ ಇರಬೇಕೆಂಬುದು ಪರಿಷತ್ತಿನ ಕಟ್ಟಳೆ. ಹಾಸಿಗೆಗಳೆಲ್ಲ ಬರಿದಾಗಿರುವ ಆಸ್ಪತ್ರೆಯಲ್ಲಿ ಕಲಿಯುವುದು ನೀರಿಲ್ಲದ ಬಾವಿಯಲ್ಲಿ ಈಜು ಕಲಿತಂತೆಯೇ ಸರಿ.

೫. ಶುಲ್ಕವೆಲ್ಲಕ್ಕೂ ರಸೀದಿ ಕೊಡುವರೇ? ಮೂಲ ಪ್ರಮಾಣಪತ್ರಗಳನ್ನ ಇಟ್ಟುಕೊಂಡರೆ ಯಾವಾಗ ಹಿಂದಿರುಗಿಸುವರು?

ಈ ಉತ್ತರಗಳನ್ನು ದಲ್ಲಾಳಿಯ ಬಾಯಿಂದ ಕೇಳದೆ, ಪರಿಷತ್ತು ವಿಶ್ವವಿದ್ಯಾಲಯಗಳು ಪ್ರಕಟಿಸುವ ಪಟ್ಟಿಗಳಲ್ಲಿ ತಾವೇ ನೋಡಿಕೊಳ್ಳತಕ್ಕದ್ದು. ಮನೆಯ ಮಕ್ಕಳ ಕೈಯಲ್ಲಿರುವ ಫೋನಿನಲ್ಲಿಯೇ ಇದು ಅರ್ಧ ತಾಸಿನ ಕೆಲಸ.

ಹೊರದೇಶದ ರೀತಿ

ಹೊರದೇಶದ ಮಾತು ಬಂದುದರಿಂದ ಅಮೆರಿಕೆಯ ಪದ್ಧತಿಯನ್ನು ಸಂಕ್ಷೇಪವಾಗಿ ತಿಳಿಸುತ್ತೇವೆ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ದಾದಿಯರ ಅಭಾವವುಂಟಾದಾಗ, ಮಿಲ್ಡ್ರೆಡ್ ಮಾಂಟ್ಯಾಗ್ ಎಂಬ ವಿದುಷಿಯ ಸೂಚನೆಯಂತೆ ೧೯೫೨ರಲ್ಲಿ ಕೆಲವು ಸಮುದಾಯ ಕಾಲೇಜುಗಳಲ್ಲಿ ಎರಡು ವರ್ಷದ ಶುಶ್ರೂಷಾ ಶಿಕ್ಷಣವನ್ನು ಪ್ರಯೋಗಾರ್ಥವಾಗಿ ಆರಂಭಿಸಿದರು. ಸಮುದಾಯ ಕಾಲೇಜೆಂದರೆ ಆಯಾ ಊರಿನವರು ಮನೆಯಲ್ಲಿದ್ದುಕೊಂಡು, ಕಡಮೆ ಶುಲ್ಕದಲ್ಲಿ, ದುಡಿಮೆಯ ಜೊತೆಗೇ ಓದಬಹುದಾದ ಸಾರ್ವಜನಿಕ ವಿದ್ಯಾಲಯ. ಅಲ್ಲಿ ಮಕ್ಕಳ ತಾಯಂದಿರೂ ನಡುವಯಸ್ಸಿನವರೂ ಹೇರಳವಾಗಿ ಓದುತ್ತಾರೆ. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡ ಮನೆತನಗಳ ಗೃಹಿಣಿಯರಿಗೂ ಈ ದಾರಿಯು ತೆರೆದೇ ಇದೆ. ಶರೀರಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರಗಳನ್ನು ಅನೇಕ ಕಡೆ ಮೊದಲೇ ಓದಿ ಮುಗಿಸಬೇಕಾಗುವುದರಿಂದ ಎರಡು ವರ್ಷವೆಂಬುದು ಬಹುಮಂದಿಗೆ ಮೂರಾಗುತ್ತದೆ.

ಇಲ್ಲಿ ನಾವು ಗಮನಿಸಬೇಕಾದುದು ಬೇರೆಯೇ ಇದೆ. ಎರಡು ವರ್ಷ ಓದಿದವಳೂ ನಾಲ್ಕು ವರ್ಷದ ಪದವೀಧರೆಯೂ ನೋಂದಾಯಿತ ದಾದಿಯಾಗಲು ‘ಎನ್‌ಕ್ಲೆಕ್ಸ್’ ಎಂಬ ಒಂದೇ ಪರೀಕ್ಷೆಗೆ ಕೂರಬೇಕು. ಭಾರತದಲ್ಲಿ ಓದಿ ಅಲ್ಲಿಗೆ ಹೋಗುವವರಿಗೂ ಅದೇ ಪರೀಕ್ಷೆ. ಬೆಂಗಳೂರಿನಲ್ಲಿಯೂ ಅದನ್ನು ಬರೆಯಬಹುದು. ಗಣಕಯಂತ್ರವು ಉತ್ತರವನ್ನು ನೋಡಿ ಮುಂದಿನ ಪ್ರಶ್ನೆಯ ಕಾಠಿಣ್ಯವನ್ನು ನಿರ್ಧರಿಸುತ್ತ, ಕನಿಷ್ಠ ೮೫ ಗರಿಷ್ಠ ೧೫೦ ಪ್ರಶ್ನೆಗಳನ್ನು ಐದು ತಾಸುಗಳ ಮಿತಿಯಲ್ಲಿ ಕೇಳುತ್ತದೆ. ಬಾಯಿಪಾಠವು ಅಲ್ಲಿ ನಡೆಯದು. ‘ನಾಲ್ವರು ರೋಗಿಗಳಲ್ಲಿ ಯಾರನ್ನು ಮೊದಲು ನೋಡುವೆ?’ ಎಂಬಂಥ ವಿವೇಕದ ಪ್ರಶ್ನೆಗಳೇ ಹೆಚ್ಚು. ಬಾಗಿಲುಗಳು ಹಲವಾದರೂ ಹೊಸ್ತಿಲು ಒಂದೇ. ಹೊರದೇಶದ ಆಸೆಯಿಂದ ಮಗಳನ್ನು ಯಾವುದೋ ಹೆಸರಿಗೆ ಮಾತ್ರದ ಕಾಲೇಜಿಗೆ ಸೇರಿಸುವವರು ಈ ಹೊಸ್ತಿಲನ್ನು ನೆನಪಿನಲ್ಲಿಡಬೇಕು.

ಆಕ್ಷೇಪಗಳು

ಇನ್ನು ಮನೆಯ ಹಿರಿಯರು ಎತ್ತುವ ಆಕ್ಷೇಪಗಳಿಗೆ ಬರೋಣ. “ಪರಪುರುಷರನ್ನು ಮುಟ್ಟಬೇಕಲ್ಲವೇ?” ಎನ್ನುವರು. ಬೇನೆಯಲ್ಲಿ ಬಿದ್ದವನಿಗೆ ದಾದಿಯ ಕೈಯು ತಾಯಿಯ ಕೈಯೇ ಆಗಿರುವುದು. ಆಸ್ಪತ್ರೆಯಲ್ಲಿ ಪ್ರಾಯದವನೂ ಮುದುಕನೂ ಅವಳನ್ನು “ಸಿಸ್ಟರ್”, “ನರ್ಸಮ್ಮ” ಎಂದೇ ಕರೆಯುವುದನ್ನು ಕೇಳಿಲ್ಲವೇ? ಇದಲ್ಲದೆ ಗಂಡುಮಕ್ಕಳೂ ಈಗ ಈ ವಿದ್ಯೆಯನ್ನು ಕಲಿಯುತ್ತಿದ್ದಾರೆ. ಚರಕನ ಪರಿಚಾರಕನು ಹೆಣ್ಣೇ ಆಗಬೇಕೆಂಬ ನಿಯಮವೇನೂ ಇಲ್ಲ.

“ರಾತ್ರಿಯ ಪಾಳಿ ಇರುವುದಲ್ಲ” ಎನ್ನುವರು. ಇರುವುದು; ರೋಗಕ್ಕೆ ಹಗಲಿರುಳೆಂಬ ಭೇದವಿಲ್ಲ. ವಸತಿಗೃಹ, ಹೋಗಿಬರುವ ವಾಹನ, ಕಾವಲು ಇವುಗಳ ವ್ಯವಸ್ಥೆಯನ್ನು ಸಂಸ್ಥೆಯಿಂದ ಕೇಳಿ ತಿಳಿಯುವುದು ತಂದೆಯ ಹಕ್ಕು. ವ್ಯವಸ್ಥೆಯಿಲ್ಲದ ಕಡೆ ಬೇಡವೆನ್ನುವುದೂ ಯುಕ್ತವೇ. ಆದರೆ ಅದು ಆ ಸಂಸ್ಥೆಯ ದೋಷವೇ ಹೊರತು ವಿದ್ಯೆಯ ದೋಷವಲ್ಲ.

“ಅಪಾಯವಿಲ್ಲವೇ?” ಎನ್ನುವರು. ಈ ಪ್ರಶ್ನೆಗೆ ಸುಳ್ಳು ಸಮಾಧಾನ ಹೇಳಲು ನಾವು ಒಪ್ಪುವುದಿಲ್ಲ. ೨೦೧೮ರ ಮೇ ತಿಂಗಳಿನಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯ ಪೇರಾಂಬ್ರದಲ್ಲಿ ನಿಪಾ ರೋಗಿಯ ಶುಶ್ರೂಷೆ ಮಾಡಿದ ಲಿನಿ ಪುದುಶ್ಶೇರಿ ಎಂಬ ದಾದಿಯು ಅದೇ ಸೋಂಕಿನಿಂದ ಎರಡು ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡಳು. ೨೦೨೦ರ ಕೊರೋನಾ ಮಾರಿಯಲ್ಲಿಯೂ ದೇಶದ ಅನೇಕ ದಾದಿಯರು ಪ್ರಾಣ ತೆತ್ತರು. ಅಪಾಯವುಂಟು, ಅದನ್ನು ತಗ್ಗಿಸುವುದು ಕೈಗವಸು, ಮುಖಗವಸು, ಲಸಿಕೆ ಮತ್ತು ಒಳ್ಳೆಯ ಶಿಕ್ಷಣ. ಸರಿಯಾಗಿ ಕಲಿಯದವಳಿಗೆ ಈ ಅಪಾಯವು ಇಮ್ಮಡಿಯೆಂಬುದರಿಂದಲೂ ಒಳ್ಳೆಯ ವಿದ್ಯಾಲಯವನ್ನೇ ಆರಿಸಬೇಕು.

“ಸಂಬಳ ಹೇಗೆ?” ಎಂಬುದಕ್ಕೂ ನೇರವಾದ ಉತ್ತರವೇ ಸರಿ. ಸರ್ಕಾರಿ ಹುದ್ದೆಯಲ್ಲಿ ಗೌರವವಾಗಿ ಬಾಳುವಷ್ಟು ದೊರೆಯುವುದು. ಸಣ್ಣ ಖಾಸಗಿ ಆಸ್ಪತ್ರೆಗಳಲ್ಲಿ ಮೊದಲ ವರ್ಷಗಳ ಸಂಬಳವು ಅನೇಕ ಕಡೆ ದುಡಿಮೆಗೆ ತಕ್ಕದ್ದಾಗಿರುವುದಿಲ್ಲ. ಸಾಲ ಮಾಡಿ ಓದಿಸುವವರು ಮೊದಲ ತಿಂಗಳ ಸಂಬಳದಿಂದಲೇ ಸಾಲ ತೀರುವುದೆಂದು ಲೆಕ್ಕ ಹಾಕಬಾರದು.

ಕಡೆಯ ಮಾತು

ಈ ವಿದ್ಯೆಯು ಎಲ್ಲರಿಗೂ ಒಗ್ಗುವಂಥದಲ್ಲವೆಂಬುದನ್ನೂ ಹೇಳಬೇಕಾಗಿದೆ. ಬೇರೆ ಸೀಟು ದೊರೆಯಲಿಲ್ಲವೆಂಬ ಕಾರಣದಿಂದ ಬಲವಂತವಾಗಿ ಸೇರಿಸಲ್ಪಟ್ಟವಳು ಪಾಠವನ್ನು ಕಲಿತಾಳು, ಪರೀಕ್ಷೆಯನ್ನೂ ಗೆದ್ದಾಳು. ಆದರೆ ನಡುರಾತ್ರಿಯಲ್ಲಿ “ಅವ್ವಾ, ನೀರು” ಎಂದು ಕ್ಷೀಣವಾಗಿ ಕರೆದ ದನಿಯು ಅವಳ ಕಿವಿಗೆ ಬಿದ್ದೀತೇ? ತಿಳಿವಳಿಕೆ, ಚಳಕ, ಶುಚಿತ್ವ ಈ ಮೂರನ್ನು ಕಾಲೇಜು ಕೊಡಬಲ್ಲುದು. ನಾಲ್ಕನೆಯದಾದ ಅನುರಾಗವನ್ನು ಅವಳು ಮನೆಯಿಂದಲೇ ಒಯ್ಯಬೇಕು. ಮನೆಯಲ್ಲಿ ಬೇನೆ ಬಿದ್ದವರ ಬಳಿಗೆ ಕರೆಯದೆಯೇ ಹೋಗಿ ಕೂರುವ ಮಗಳು ಯಾರೆಂಬುದು ತಾಯಿಗೆ ಗೊತ್ತಿಲ್ಲದ ಸಂಗತಿಯೇ?

ಅರ್ಜಿ ತುಂಬುವ ಮೊದಲು ಒಂದು ದಿನ ಮಗಳನ್ನು ಹತ್ತಿರ ಕುಳ್ಳಿರಿಸಿಕೊಂಡು ಅವಳ ಇಷ್ಟವನ್ನು ಕೇಳಿರಿ; ಪರಿಚಯದ ದಾದಿಯರೊಬ್ಬರ ಮನೆಗೆ ಅವಳನ್ನು ಕರೆದೊಯ್ದು ಕೆಲಸದ ಸುಖದುಃಖಗಳನ್ನು ಅವರ ಬಾಯಿಂದಲೇ ಕೇಳಿಸಿರಿ. ಆಮೇಲೆ ಅವಳು ಹೂಂ ಎಂದರೆ ನೆರೆಹೊರೆಯವರ ಮಾತಿಗೆ ಅಂಜದೆ, ಪಟ್ಟಿಯನ್ನು ನೋಡಿ, ಒಳ್ಳೆಯ ಕಡೆ ಸೇರಿಸಿರಿ. ಒಲ್ಲೆನೆಂದರೆ ಬಲಾತ್ಕರಿಸಬೇಡಿರಿ. ನಮ್ಮ ಊರುಗಳಿಗೆ ವೈದ್ಯರು ಎಷ್ಟು ಅವಶ್ಯವೋ ಕಲಿತ ದಾದಿಯರೂ ಅಷ್ಟೇ ಅವಶ್ಯ. ಅವರು ಎಲ್ಲಿಂದಲೋ ಬರುವವರಲ್ಲ, ನಮ್ಮ ನಮ್ಮ ಮನೆಗಳಿಂದಲೇ ಹೊರಡಬೇಕಾದವರು.